ನಗು ಬರುವ ಮುಂಚಿನ ಮೌನ

ವೇದಿಕೆಯ ಮೇಲೆ ನಾನು ನಗುವುದಿಲ್ಲ. ವಿಡಂಬನೆ ಬರೆಯುವವನು ತಾನೇ ನಕ್ಕುಬಿಟ್ಟರೆ ಕೇಳುವವರಿಗೆ ಏನೂ ಉಳಿಯುವುದಿಲ್ಲ. ಸಾವಿನ ಸುದ್ದಿ ತಂದವನಂತೆ ಮೈಕಿನ ಮುಂದೆ ನಿಂತು, ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿ ಸುಮ್ಮನಾಗುತ್ತೇನೆ. ಆ ಮೌನದಲ್ಲಿ ಹಿಂದಿನ ಸಾಲಿನಿಂದ ಯಾರಾದರೂ ಕಿಸಕ್ಕೆಂದರೆ ಸಾಕು, ಸಭೆ ನನ್ನದು.

ಪಾಂಡವಪುರದ ಸಭೆಯಲ್ಲಿ ದೇವಲಾಪುರದ ಕಡೆ ಮುಚ್ಚಿಹೋದ ಒಂದು ಕೆರೆಯ ಬಗ್ಗೆ ಮಾತಾಡಿದೆ. "ಕೆರೆ ಕಾಣೆಯಾಗಿದೆ" ಎಂದು ಮೇಜಿನ ಕೆಳಗೆ ಬಗ್ಗಿ ಹುಡುಕಿದೆ. ಹೊದಿಸಿದ ಶಾಲು ಕೊಡವಿ ನೋಡಿದೆ. ಜನ ಬಿದ್ದು ಬಿದ್ದು ನಕ್ಕರು. ಊಟದ ಹೊತ್ತಿಗೆ ಬಿಳಿ ಅಂಗಿಯವರೊಬ್ಬರು ಬಂದು ನನ್ನ ಪಕ್ಕ ಕೂತರು. ಕೆರೆಯಂಗಳದಲ್ಲಿ ಸೈಟು ಮಾಡಿದವರು ಅವರೇ ಎಂದು ಆಮೇಲೆ ತಿಳಿಯಿತು.

"ಚೆನ್ನಾಗ್ ಮಾತಾಡ್ತೀರಿ ಸಾ. ಶ್ರೀರಂಗಪಟ್ಣದಲ್ಲಿ ನಿಮ್ಮನೆ ಗೇಟು ಹಸ್ರು ಬಣ್ಣದ್ದಲ್ವಾ?" ಎಂದು ನನ್ನ ಎಲೆಗೆ ತಾವೇ ಪಾಯಸ ಬಡಿಸಿದರು.

ಕೆ.ಆರ್. ಪೇಟೆಯ ಸಭೆಯಲ್ಲಿ ಆ ಬಿಳಿ ಅಂಗಿಯವರು ಮುಂದಿನ ಸಾಲಿನಲ್ಲೇ ಇದ್ದರು. ಎರಡೂ ಪಕ್ಕದ ಕುರ್ಚಿ ಖಾಲಿ. "ಕೆರೆ..." ಎಂದು ನಿಲ್ಲಿಸಿದೆ. ಯಾರೂ ನಗಲಿಲ್ಲ, ಎಲ್ಲರೂ ಅವರ ಬೆನ್ನನ್ನೇ ನೋಡುತ್ತಿದ್ದರು. ಮಾತು ತಿರುಗಿಸಿ ನನ್ನ ಬೋಳುತಲೆಯ ಬಗ್ಗೆ ಹೇಳತೊಡಗಿದೆ. ಮೊದಲು ನಕ್ಕವರು ಅವರೇ. ಆಮೇಲೆ ಸಭೆಯೂ ನಕ್ಕಿತು, ಹಿಂದೆಂದೂ ಕೇಳದಷ್ಟು ಜೋರಾಗಿ.

"ಯಾಕೆ, ಮುಖ ಇಂಗಾಗದೆ?" ಎಂದಳು ಹೆಂಡತಿ, ಮನೆಗೆ ಬಂದಾಗ. ಹೇಳಲು ನಾಚಿಕೆಯಾಗಿ, ಗೇಟಿಗೆ ಬೀಗ ಹಾಕಲು ಹೊರಟೆ.

ಮುಂದಿನ ತಿಂಗಳು ನಾಗಮಂಗಲ. ಬಿಳಿ ಅಂಗಿಯವರು ಬಂದಿರಲಿಲ್ಲ, ಆದರೆ ಗೋಡೆಗೊರಗಿ ನಿಂತ ಇಬ್ಬರು ಗಂಡಸರು ಮೊಬೈಲು ಎತ್ತಿ ಹಿಡಿದಿದ್ದರು. ಈ ಸಲ ಕೆರೆಯ ಮಾತು ಬಿಡಲಿಲ್ಲ. ಮತ್ತೆ ಮೇಜಿನ ಕೆಳಗೆ ಬಗ್ಗಿ ಹುಡುಕಿದೆ. ನಗು ಬರಲಿಲ್ಲ. ನಡುವಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು.

"ಅಲ್ಲಿ ಹುಡುಕ್‌ಬ್ಯಾಡ ಕಣಪ್ಪ. ಆ ಕೆರೆ ಎಲ್ಲಿತ್ತು ಅಂತ ನಂಗೊತ್ತು. ಬಾ, ತೋರಿಸ್ತೀನಿ."

ಎರಡೂ ಮೊಬೈಲು ಅವರ ಕಡೆ ತಿರುಗಿದವು.

ಭಾಷಣ ಅಲ್ಲಿಗೇ ನಿಲ್ಲಿಸಿ ಕೆಳಗಿಳಿದು ಅವರ ಪಕ್ಕ ಹೋಗಿ ಕೂತೆ. ಸಭೆ ಮುಗಿದ ಮೇಲೆ ಅವರನ್ನು ಊರಿಗೆ ಬಿಡಲು ನನ್ನ ಕಾರಿನಲ್ಲೇ ಕರೆದುಕೊಂಡು ಹೊರಟೆ. "ಯಾರ್ಲಾ ಆ ಯಮ್ಮ? ಯಾವೂರು?" ಎಂದು ಹಿಂದೆ ಯಾರೋ ಕೇಳಿದ್ದು ಕಿವಿಗೆ ಬಿತ್ತು. ದೇವಲಾಪುರ ದಾಟುವವರೆಗೂ ಒಂದು ಬೈಕು ನಮ್ಮ ಹಿಂದೆಯೇ ಬರುತ್ತಿತ್ತು. ಆ ತಾಯಿ ಮಾತ್ರ ಹಿಂತಿರುಗಿ ನೋಡದೆ, ಕಿಟಕಿಯಾಚೆ ಬೆರಳು ತೋರುತ್ತ, ಏರಿ ಎಲ್ಲಿತ್ತು, ತೂಬು ಎಲ್ಲಿತ್ತು ಎಂದು ಹೇಳುತ್ತಲೇ ಇದ್ದರು.