ಎಡ ಭುಜದ ಎಸಳು

ನನ್ನ ಬಲಗೈಯ ಹೆಬ್ಬೆರಳಿಗೆ ಇತ್ತೀಚೆಗೆ ಒಂದು ಚಟ ಹತ್ತಿಕೊಂಡಿದೆ. ನಾನು ಬಸ್ಸಿಗೆ ಕಾಯುತ್ತಿರಲಿ, ಕುಕ್ಕರಿನ ಸೀಟಿಗೆ ಕಿವಿಗೊಟ್ಟಿರಲಿ, ಯಾರದೋ ಮದುವೆಯಲ್ಲಿ ಅಕ್ಷತೆ ಹಿಡಿದು ಗಂಭೀರವಾಗಿ ನಿಂತಿರಲಿ, ಅದು ನನ್ನ ಅಪ್ಪಣೆಗೆ ಕಾಯದೆ ಮೊಬೈಲಿನ ಮೇಲೆ ಹೋಗಿ ಇ-ಮೇಲಿನ ಪುಟವನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತದೆ. ಪರದೆಯ ನೆತ್ತಿಯಲ್ಲಿ ಒಂದು ಪುಟ್ಟ ಚಕ್ರ ಮೂಡಿ ಸುತ್ತತೊಡಗುತ್ತದೆ. ಅದು ಸುತ್ತುವಷ್ಟು ಹೊತ್ತು ನನ್ನ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಾರೆ. ಆಮೇಲೆ ಚಕ್ರ ನಿಂತು, ಚಪ್ಪಲಿಗಳ ಮೇಲೆ ಭಾರಿ ರಿಯಾಯಿತಿ ಇದೆಯೆಂದು ತಿಳಿಯುತ್ತದೆ. ಚಪ್ಪಲಿ ಅಂಗಡಿಯವರಿಗೆ ನನ್ನ ಮೇಲಿರುವಷ್ಟು ಅಕ್ಕರೆ ವಿಶ್ವವಿದ್ಯಾಲಯದವರಿಗೂ ಇದ್ದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ.

ಸಂಗತಿ ಇಷ್ಟೆ. ನಾನು ಪಿಎಚ್.ಡಿ. ಪ್ರವೇಶಕ್ಕೆ ಅರ್ಜಿ ಹಾಕಿದ್ದೇನೆ. ಹೋದ ವರ್ಷವೂ ಹಾಕಿದ್ದೆ, ಅದರ ಹಿಂದಿನ ವರ್ಷವೂ ಹಾಕಿದ್ದೆ. ಈ ಸಲದ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಮೂರು ಆಗಲೇ ಇಲ್ಲ ಎಂದಿವೆ. ಒಂದು ಸೌಜನ್ಯದಿಂದ, ಒಂದು ಸಂಕ್ಷೇಪವಾಗಿ, ಇನ್ನೊಂದು ನನ್ನ ಹೆಸರಿಲ್ಲದ ಯಾದಿಯನ್ನು ಪ್ರಕಟಿಸುವ ಮೂಲಕ. ನಾಲ್ಕನೆಯದು ಸಂದರ್ಶನ ಮಾಡಿ ಸುಮ್ಮನಾಗಿದೆ. ಇಲ್ಲ ಎಂದವರ ಮೇಲೆ ಸಿಟ್ಟಾಗಬಹುದು, ಹೌದು ಎಂದರೆ ಪೇಢೆ ಹಂಚಬಹುದು. ಸುಮ್ಮನಿರುವವರನ್ನು ಏನು ಮಾಡಬೇಕೆಂದು ನನ್ನ ಎಂ.ಎ. ಕಲಿಸಲಿಲ್ಲ.

ಆ ಸಂದರ್ಶನದ ನೆನಪೇ ನನ್ನನ್ನು ಹೆಚ್ಚು ಹೆದರಿಸುತ್ತದೆ, ಏಕೆಂದರೆ ಅದು ದಿನಕ್ಕೊಂದು ರೂಪ ತಾಳುತ್ತಿದೆ. ಬೆಳಗಾವಿಯ ಮಗ್ಗುಲಿನ ಪೀರನವಾಡಿಯ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ, ಕೆಳಗೆ ಮಿಕ್ಸರ್ ಹಾಕುವುದಿಲ್ಲವೆಂದು ಅವ್ವನಿಂದ ಆಣೆ ಮಾಡಿಸಿಕೊಂಡು, ಲ್ಯಾಪ್‌ಟಾಪಿನ ಎದುರು ಕೂತು ಉತ್ತರಿಸಿದೆ. ಖಾನಾಪುರದ ಹಳೆಯ ಹೆಂಚಿನ ಭಟ್ಟಿಗಳಲ್ಲಿ ದುಡಿದವರ ನೆನಪುಗಳನ್ನು ಇತಿಹಾಸ ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ನಾನು ಸಂಶೋಧಿಸಲು ಹೊರಟ ವಿಷಯ. ಅದನ್ನು ವಿವರಿಸುತ್ತಿರುವಾಗ ಅಧ್ಯಾಪಕರೊಬ್ಬರು ಕನ್ನಡಕ ತೆಗೆದರು. ಇಷ್ಟು ಖಚಿತ. ಮೊದಮೊದಲು ನನ್ನ ನೆನಪಿನಲ್ಲಿ ಅವರು ಅದನ್ನು ಒರೆಸಿ ಮತ್ತೆ ಹಾಕಿಕೊಂಡು ಆಸಕ್ತಿಯಿಂದ ಮುಂದೆ ಬಾಗುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಕನ್ನಡಕವನ್ನು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಳ್ಳತೊಡಗಿದರು. ಈಗೀಗ ಕನ್ನಡಕ ತೆಗೆದು ಪಕ್ಕದವರ ಮುಖ ನೋಡಿ ನಗುತ್ತಾರೆ. ಹೀಗೇ ಬಿಟ್ಟರೆ ಅದನ್ನು ನನ್ನ ಕಡೆಗೆ ಎಸೆಯುವುದರಲ್ಲಿ ಸಂದೇಹವಿಲ್ಲ. ದಿನಚರಿ ಬರೆಯುವ ಅಭ್ಯಾಸವಿದೆಯಲ್ಲ ಎಂದು ಆ ದಿನದ ಪುಟ ತೆಗೆದು ನೋಡಿದೆ. ‘ಸಂದರ್ಶನ ಆಯಿತು. ವಿಪರೀತ ಸೆಕೆ’ ಎಂದಷ್ಟೇ ಇತ್ತು. ಪರರ ನೆನಪುಗಳನ್ನು ತೂಗಿ ನೋಡಲು ಹೊರಟವಳ ಸ್ವಂತ ದಾಖಲೆ ಇದು.

ಈ ನಡುವೆ ಹೊಟ್ಟೆಪಾಡಿಗೆ ಉದ್ಯಮಬಾಗದ ಒಂದು ಫೌಂಡ್ರಿಯ ಆಫೀಸಿನಲ್ಲಿ ತಾತ್ಕಾಲಿಕ ಕೆಲಸ ಹಿಡಿದಿದ್ದೇನೆ. ಎರಕ ಹೊಯ್ದು ಬಂದ ಬಿಡಿಭಾಗಗಳ ತಪಾಸಣೆಯ ವರದಿಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಪಾಲಿನದು. ಇತಿಹಾಸದ ಪದವಿ ಇದಕ್ಕೆ ಅಡ್ಡಿಯೇನೂ ಮಾಡಿಲ್ಲ. ಸಂಜೆ ತಲೆ ಬಾಚಿದರೆ ಬಾಚಣಿಗೆಗೆ ಕಪ್ಪು ಮರಳು ಹತ್ತುತ್ತದೆ. ಕೆಲವು ದಿನಗಳ ಹಿಂದೆ ಮ್ಯಾನೇಜರ್ ಸಾಹೇಬರು ಕರೆದು, ಒಂದು ಕಾಯಂ ಹುದ್ದೆ ಖಾಲಿ ಇದೆಯೆಂದೂ, ಅದನ್ನು ನನಗೇ ಕೊಡುವ ಮನಸ್ಸು ಮಾಲೀಕರಿಗಿದೆಯೆಂದೂ, ಆದರೆ ಎರಡು ವರ್ಷ ಬಿಟ್ಟುಹೋಗುವುದಿಲ್ಲವೆಂದು ಬಾಂಡ್ ಬರೆದುಕೊಡಬೇಕೆಂದೂ ಹೇಳಿದರು. ಸಹಿ ಹಾಕಿದರೆ ವಿಶ್ವವಿದ್ಯಾಲಯ ನಾಳೆಯೇ ಕರೆದರೂ ಹೋಗುವಂತಿಲ್ಲ; ಹಾಕದಿದ್ದರೆ ಈಗಿರುವ ಕೆಲಸವೂ ಮಳೆಗಾಲದ ಹೊತ್ತಿಗೆ ಮುಗಿಯುತ್ತದೆ. ವಿಶ್ವವಿದ್ಯಾಲಯದ ಉತ್ತರ ಬರುವವರೆಗೆ ಸ್ವಲ್ಪ ತಡೆಯಬಹುದೇ ಎಂದು ಕೇಳಿದೆ.

“ಮೋಲ್ಡ್ ಆರೂತನಾ ಕಾಯ್ತೀವಿ ತಂಗಿ, ನಿಮ್ಮ ಯುನಿವರ್ಸಿಟಿ ಆರೂತನಾ ಕಾಯಾಕ ಆಗೂದಿಲ್ಲ,” ಎಂದರು ಸಾಹೇಬರು. “ಸೋಮವಾರ ಹೇಳು.”

ಆ ಸೋಮವಾರದ ಹಿಂದಿನ ದಿನ ಖಾನಾಪುರಕ್ಕೆ ಹೋದೆ. ಅಲ್ಲಿ ಅಪ್ಪನ ಅಕ್ಕ ಇದ್ದಾಳೆ. ನಾನು ಅತ್ಯಾ ಎನ್ನುತ್ತೇನೆ. ಬಹಳ ವರ್ಷ ಅಂಗನವಾಡಿ ನಡೆಸಿದವಳು. ಮಕ್ಕಳನ್ನು ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಸಮಾಧಾನಪಡಿಸುವ ಕಲೆ ಅಲ್ಲಿ ಸಿದ್ಧಿಸಿದ್ದು. ನಿವೃತ್ತಳಾದ ಮೇಲೆ ಅದನ್ನು ದೊಡ್ಡವರ ಮೇಲೆ ಪ್ರಯೋಗಿಸುತ್ತಾಳೆ. ಬಾಗಿಲಲ್ಲೇ ನನ್ನನ್ನು ನೋಡಿ, “ಏನ್ ಸುಮಿ, ಮಾರಿ ಯಾಕ ಹಿಂಗ, ಹೊತ್ತಿದ ಭಕ್ರಿ ಆದಂಗ ಆಗೇತಿ?” ಅಂದಳು. ಎಲ್ಲ ಹೇಳಿದೆ. ಕೇಳಿದಳು, ಸೆರಗು ಸರಿಮಾಡಿಕೊಂಡಳು, “ಏಳ, ಕೌಲ ಕೇಳೂಣು” ಎಂದು ಚಪ್ಪಲಿ ಮೆಟ್ಟಿದಳು.

ಕೌಲು ಎಂದರೆ ದೇವರಲ್ಲಿ ಅಪ್ಪಣೆ ಕೇಳುವುದು. ನಮ್ಮ ಕಡೆಯ ಕನ್ನಡದವರೂ ಮರಾಠಿಯವರೂ ಜಗಳವಿಲ್ಲದೆ ಒಂದೇ ಸಾಲಿನಲ್ಲಿ ನಿಲ್ಲುವ ಕೆಲವೇ ಜಾಗಗಳಲ್ಲಿ ಇದೂ ಒಂದು. ದೇವಿಯ ಕಲ್ಲಿನ ಮೂರ್ತಿಯ ಎರಡೂ ಭುಜಗಳಿಗೆ ನೀರಿನಲ್ಲಿ ಅದ್ದಿದ ಹೂವಿನ ಎಸಳು ಅಂಟಿಸುತ್ತಾರೆ. ಮನೆಯ ಹಿರಿಯರು ಮನಸ್ಸಿನಲ್ಲೇ ಪ್ರಶ್ನೆ ಇಡುತ್ತಾರೆ. ಬಲ ಭುಜದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ನಡುವೆ ಗಾಳಿ ಬಾಯಿ ಹಾಕಬಾರದೆಂದು ಗುಡಿಯ ಪೂಜಾರಿ, ಗುರವರು, ಮೊದಲು ಹೋಗಿ ಫ್ಯಾನ್ ಆರಿಸುತ್ತಾರೆ. ಕೇಳಿದ ಪ್ರಶ್ನೆಯನ್ನು ಮನೆಗೆ ಮರಳಿ ದೀಪ ಹಚ್ಚುವವರೆಗೆ ಬಾಯಿಬಿಟ್ಟು ಆಡಬಾರದು. ಈ ಕೊನೆಯ ನಿಯಮವನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮುಗ್ಗರಿಸಿದ್ದು ಅಲ್ಲೇ.

ಗುಡಿಯ ಸಾಲಿನಲ್ಲಿ ನಮಗಿಂತ ಮುಂದೆ ಇದ್ದವನೊಬ್ಬನಿಗೆ ದೇವಿ ತಡಮಾಡದೆ ಉತ್ತರಿಸಿದಳು. ನನ್ನ ಪಾಲಿಗೆ ಮಾತ್ರ ಅವಳೂ ಪ್ರವೇಶ ಸಮಿತಿಯೇ ಆದಳು. ಅತ್ಯಾ ಕಣ್ಣು ಮುಚ್ಚಿ ತುಟಿ ಅಲುಗಿಸಿ ಕೈಮುಗಿದು ಕೂತಳು. ಎಸಳುಗಳು ಅಂಟಿದಲ್ಲೇ ಅಂಟಿಕೊಂಡಿದ್ದವು. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು. ಆ ಕೆಮ್ಮಿನ ಗಾಳಿ ಅಲ್ಲಿಯವರೆಗೆ ಹೋದೀತೆಂದು ನಾನು, ಗೆಳತಿಯರ ನಡುವೆ ವಿಚಾರವಾದಿ ಎಂದು ಹೆಸರಾದ ನಾನು, ತಿರುಗಿ ಕಣ್ಣು ಕೆಕ್ಕರಿಸಿದೆ. “ಗಡಬಡ ಮಾಡಬ್ಯಾಡ್ರಿ, ಆಕಿ ವಿಚಾರ ಮಾಡಾಕತ್ತಾಳ,” ಎಂದರು ಗುರವರು. ಆಮೇಲೆ ಎಡ ಭುಜದ ಎಸಳು ಸದ್ದಿಲ್ಲದೆ ಜಾರಿ ಪಾದದ ಹತ್ತಿರ ಬಿತ್ತು. ಅದು ಕೆಂಪಗಿತ್ತು ಎಂದು ನನ್ನ ನೆನಪು; ಹಳದಿ ಸೇವಂತಿಗೆ ಎನ್ನುತ್ತಾಳೆ ಅತ್ಯಾ. ಬಣ್ಣದ ಬಗ್ಗೆ ನಾವಿನ್ನೂ ಒಮ್ಮತಕ್ಕೆ ಬಂದಿಲ್ಲ. ಭುಜದ ಬಗ್ಗೆ ತಕರಾರಿಲ್ಲ.

“ಆತು, ನಡಿ,” ಎಂದಳು ಅತ್ಯಾ, ಮುಖದಲ್ಲಿ ಏನನ್ನೂ ತೋರಿಸದೆ. ಗುಡಿಯಿಂದ ಹೊರಗೆ ಬಂದರೆ ಬೆಳಗಾವಿಯ ಬಸ್ಸು ಎದುರಿಗೇ ಬಂತು. ಅತ್ಯಾಳ ಮನೆಗೆ ಹೋಗಿ ದೀಪ ಹಚ್ಚಿ ಮಾತು ಬಿಡಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಇಲ್ಲ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಕಿವಿಯಾರೆ ಬೇರೆ ಕೇಳಬೇಕೇ? ಕೈಬೀಸಿ ಬಸ್ಸು ಹತ್ತಿಬಿಟ್ಟೆ.

ಕಿಟಕಿಯ ಪಕ್ಕ ಕೂತು ತರ್ಕ ಹೂಡಿದೆ. ಒದ್ದೆ ಎಸಳು ಒಣಗಿದರೆ ಬೀಳುತ್ತದೆ. ಗುಡಿಯ ಬಾಗಿಲಿನ ಬಿಸಿಲು ಎಡಗಡೆಗೆ ಬೀಳುತ್ತಿತ್ತು. ಆದ್ದರಿಂದ ಎಡದ್ದು ಮೊದಲು ಒಣಗಿತು. ತರ್ಕದಲ್ಲಿ ಒಂದು ಲೋಪವೂ ಇರಲಿಲ್ಲ. ದೇಸೂರು ದಾಟುವ ಹೊತ್ತಿಗೆ ನಾನು ಅಳುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಏನೂ ಕೇಳದೆ ತನ್ನ ಚುರುಮುರಿಯ ಪೊಟ್ಟಣವನ್ನು ನನ್ನ ಕಡೆ ಚಾಚಿದಳು. ನಾನು ಅಳುತ್ತಲೇ ತಿಂದೆ. ಹೇಳಿಕೆಗಳನ್ನು ಪರೀಕ್ಷಿಸದೆ ನಂಬಬಾರದೆಂದು ಅರ್ಜಿಯಲ್ಲಿ ಒಂದು ಇಡೀ ಪುಟ ಬರೆದಿದ್ದವಳು ನಾನು. ಮರುದಿನ ಬೆಳಿಗ್ಗೆ ನೇರವಾಗಿ ಸಾಹೇಬರ ಕೋಣೆಗೆ ಹೋಗಿ ಕಾಯಂ ಹುದ್ದೆಗೆ ಒಪ್ಪಿಗೆ ಎಂದೆ. “ಶಾಣ್ಯಾ ಆದಿ,” ಎಂದರು ಅವರು. ಗುರುವಾರ ಮಾಲೀಕರು ಬರುತ್ತಾರೆ, ಅಂದು ಸಹಿ.

ಅಲ್ಲಿಂದ ಮುಂದೆ ಭಯ ಇರಲಿಲ್ಲ. ಹೆಬ್ಬೆರಳು ಸಭ್ಯವಾಗಿ ತನ್ನ ಜಾಗದಲ್ಲಿತ್ತು. ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ಚಹಾದ ಹೊತ್ತಿಗೆ ಆಫೀಸಿನವರು ಯಾರೋ ನಿನ್ನ ಪಿಎಚ್.ಡಿ. ಏನಾಯಿತೆಂದು ಕೇಳಿದರು. “ನಂಗೂ ಅಷ್ಟೇನ್ ಮನಸ ಇರಲಿಲ್ರಿ, ಸುಮ್ಮನ ಹಾಕಿದ್ದೆ,” ಎಂದೆ. ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಆಡಿ ಮುಗಿಸುವ ಹೊತ್ತಿಗೆ ನನಗೇ ಅದು ನಿಜವೆನಿಸಿತ್ತು.

ಬುಧವಾರ ಸಂಜೆ ಅತ್ಯಾ ಫೋನ್ ಮಾಡಿದಳು. “ದೀಪ ಹಚ್ಚೂಕಿಂತ ಮೊದಲ ಓಡಿ ಹೋದೆಲ್ಲ. ಸಾಹೇಬ್ರಿಗೆ ಏನ್ ಹೇಳಿದಿ?”

“ಹೂಂ ಅಂದೆ, ಅತ್ಯಾ. ಕೌಲ ಎಡಕ್ಕ ಬಿತ್ತಲ್ಲ.”

“ಎಡಕ್ಕ ಬಿದ್ದರ ನೌಕರಿ ಬ್ಯಾಡಂತ ಅಲ್ಲೇನು, ಹುಚ್ಚಿ?”

“ನೀ ಸೀಟ ಸಿಗತೈತೋ ಇಲ್ಲೋ ಅಂತ ಕೇಳಲಿಲ್ಲೇನು?”

“ಅದನ್ನ ಆಕಿಗ್ಯಾಕ ಕೇಳ್ಲಿ? ಸೀಟ ಕೊಡಾವ್ರು ಆ ಕಮಿಟಿಯವ್ರು. ಮಂದಿ ಏನ್ ಮಾಡ್ತಾರಂತ ಕೌಲ ಕೇಳಬಾರದು, ನಾವೇನ್ ಮಾಡೂಣು ಅಂತ ಕೇಳಬೇಕು. ನಮ್ಮ ಹುಡುಗಿ ಆ ಬಾಂಡಿಗೆ ಸಹಿ ಹಾಕಲೇನು ಅಂತ ಕೇಳೀನಿ ನಾ. ಬ್ಯಾಡಂದ್ಲು.”

ಇಷ್ಟು ದಿನ ಕೇಳದೇ ಇದ್ದ ಮಾತು ಕೇಳಿದೆ. “ನಿಂಗೇನ್ ಅನಸಿತ್ತು?”

“ನಂಗ? ಸಹಿ ಹಾಕು ಅಂತನ ಅನಸಿತ್ತು. ಪೀರನವಾಡಿಯಿಂದ ನಡಕೊಂಡ ಹೋಗೂವಷ್ಟ ಹತ್ತರ, ಕಾಯಂ ನೌಕರಿ. ಖರೇ ಹೇಳ್ತೀನಿ, ಈಗೂ ಹಂಗ ಅನಸ್ತೈತಿ. ನಂದ ಖಾತ್ರಿ ಇದ್ದಿದ್ರ ಗುಡಿತನಾ ಹೋಗೂದ್ಯಾಕ ಬೇಕಿತ್ತು?”

ಫೋನ್ ಇಟ್ಟ ಕೂಡಲೇ ಹೊಟ್ಟೆಯೊಳಗೆ ಒದ್ದೆ ಬಟ್ಟೆ ಹಿಂಡುವವರು ಮರಳಿ ಬಂದರು, ಮೊದಲಿಗಿಂತ ಹೆಚ್ಚು ಬಲಶಾಲಿಗಳಾಗಿ. ಮುಚ್ಚಿತೆಂದುಕೊಂಡು ಬೆನ್ನು ಹಾಕಿದ್ದ ಬಾಗಿಲು ಮುಚ್ಚಿರಲೇ ಇಲ್ಲ. ಅದರ ಮುಂದೆ ಮತ್ತೆ ನಿಲ್ಲಬೇಕು. ದೇವಿ ಬೇಡವೆಂದಳು ಎಂಬ ಕಾರಣಕ್ಕೆ ನಾನು ಮುಂದೆ ಮಾಡಿದ್ದನ್ನು ಮಾಡಿದೆನೇ? ಹಾಗೆಂದು ಬರೆದರೆ ಕಥೆ ಚೆಂದವಾಗುತ್ತದೆ, ಮತ್ತು ಮುಂದೊಂದು ದಿನ ನನ್ನ ನೆನಪು ಹಾಗೇ ಹೇಳುವ ಸಂಭವವೂ ಇದೆ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ. ನನ್ನನ್ನು ಹೆದರಿಸಿದ್ದು ಎಸಳಲ್ಲ, ಚಹಾದ ಹೊತ್ತಿನ ಆ ಮಾತು. ಮೂರು ವರ್ಷ ಜೀವ ತೇಯ್ದು ಬಯಸಿದ್ದನ್ನು, ‘ಇಲ್ಲ’ ಎಂಬ ಒಂದು ಊಹೆಯಿಂದಲೇ, ಬಯಸಿಯೇ ಇರಲಿಲ್ಲ ಎಂದು ತಿದ್ದಿ ಬರೆದುಬಿಟ್ಟಿದ್ದೆ. ಕನ್ನಡಕ ತೆಗೆದವರ ಮುಖವನ್ನು ನೆನಪು ಬದಲಿಸಿದರೆ ಬದಲಿಸಲಿ. ನನ್ನ ಬಯಕೆಯನ್ನೇ ಬದಲಿಸಿದರೆ, ಸೋತದ್ದೂ ನನಗೆ ಗೊತ್ತಾಗುವುದಿಲ್ಲ. ಹೊಟ್ಟೆಯ ಈ ಹಿಂಡುವಿಕೆ ಸುಖದ್ದಲ್ಲ, ಆದರೆ ನಾನು ಪಿಎಚ್.ಡಿ.ಯನ್ನು ಬಯಸಿದ್ದೆ ಎನ್ನಲು ಸದ್ಯಕ್ಕೆ ನನ್ನ ಬಳಿ ಇರುವ ಒಂದೇ ಸಾಕ್ಷಿ ಅದು.

ಗುರುವಾರ ಸಾಹೇಬರು ಕಾಗದಗಳನ್ನು ನನ್ನ ಮುಂದೆ ಸರಿಸಿದರು. ಸಹಿ ಹಾಕುವುದಿಲ್ಲ ಎಂದೆ.

“ಉತ್ತರ ಬಂತೇನು?”

“ಇಲ್ರಿ.”

“ಬರದ ಇದ್ರ?”

“ಹೆದರಿಕಿ ಐತ್ರಿ.”

ಅವರು ನನ್ನನ್ನು ನೋಡಿದರು. “ಹೆದರಿಕಿ ಇದ್ದಾವ್ರು ಸಹಿ ಹಾಕ್ತಾರ ತಂಗಿ. ನೀ ಉಲ್ಟಾ ನಡದಿ.” ಸಿಟ್ಟಿನಿಂದ ಅಂದದ್ದಲ್ಲ, ಆದರೆ ಆ ದಿನವೇ ಹುದ್ದೆಯನ್ನು ಬೇರೆಯವರಿಗೆ ಕೊಟ್ಟರು. ನನಗೆ ಮಳೆ ಬೀಳುವವರೆಗೆ ಕೆಲಸವಿದೆ. ಮುಂಜಾನೆ ಎದ್ದರೆ ಮೊದಲು ಆಕಾಶ ನೋಡುತ್ತೇನೆ, ಆಮೇಲೆ ಮೊಬೈಲು.

ಕಳೆದ ರವಿವಾರ ಮತ್ತೆ ಖಾನಾಪುರಕ್ಕೆ ಹೋಗಿದ್ದೆ. ಊಟ ಮುಗಿಸಿ ಚಾಪೆಯ ಮೇಲೆ ಕೂತಿದ್ದಾಗ ನನ್ನ ಹೆಬ್ಬೆರಳು ಎಂದಿನಂತೆ ಹೊರಟಿತು. ಅತ್ಯಾ ಅದನ್ನೇ ನೋಡುತ್ತಿದ್ದವಳು, “ತಾ ಇಲ್ಲಿ, ಒಮ್ಮಿ ನಾ ಎಳೀತೀನಿ,” ಎಂದಳು.

“ಮಂದಿ ಏನ್ ಮಾಡ್ತಾರಂತ ಕೇಳಬಾರದು ಅಂದಿದ್ದಿ?”

“ಅದು ದೇವಿಗೆ. ಇದು ಫೋನ್ ಐತಿ.”

ಮೊಬೈಲು ಕೈಗೆ ಕೊಟ್ಟೆ. ಅತ್ಯಾ ಅದನ್ನು ಚಾಪೆಯ ಮೇಲಿಟ್ಟು ಎದ್ದಳು, ಗೋಡೆಯ ಬಳಿ ಹೋಗಿ ಫ್ಯಾನ್ ಆರಿಸಿದಳು, ಬಂದು ಕೂತು, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಪರದೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದಳು. ಆ ಮನೆಯಲ್ಲಿ ನೆಟ್‌ವರ್ಕ್ ನಿಧಾನ. ಚಕ್ರ ಸುತ್ತುತ್ತಲೇ ಇತ್ತು. ನಾವಿಬ್ಬರೂ ತಲೆ ಬಗ್ಗಿಸಿ, ಉಸಿರು ತಾಗೀತೆಂಬಂತೆ ತುಸು ದೂರದಿಂದಲೇ ನೋಡುತ್ತಿದ್ದೆವು. ಅವಳ ಹಣೆಯ ಮೇಲೂ ಬೆವರೊಡೆದಿತ್ತು.

ಚಕ್ರ ನಿಂತಿತು. ಚಪ್ಪಲಿಗಳ ರಿಯಾಯಿತಿ ಇನ್ನೂ ಹೆಚ್ಚಾಗಿತ್ತು.

“ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ,” ಎಂದಳು ಅತ್ಯಾ, ಮತ್ತೆ ಎಳೆದಳು. ಫ್ಯಾನ್ ಹಾಕಲು ನಾನೂ ಏಳಲಿಲ್ಲ.