ಸದ್ದನ್ನು ಕಣ್ಣಿನಿಂದ ಅಳೆಯುತ್ತಿದ್ದ ಚಾಚಾ

ಯಾರ ಬಾಯಿ ಅಲ್ಲಾಡುತ್ತದೆಯೋ ಅವರು ಗದ್ದಲ ಮಾಡುತ್ತಿದ್ದಾರೆ ಎಂದೇ ಮೆಹಬೂಬ ಚಾಚಾ ನಂಬಿದ್ದರು. ಶಹಾಬಜಾರದ ನಮ್ಮ ಓಣಿಯಲ್ಲಿ ಮೂವತ್ತು ವರ್ಷ ತಗಡು ಬಡಿದು ಟ್ರಂಕು ಮಾಡಿದವರು. ಕಿವಿ ಎಂದೋ ಹೋಗಿತ್ತು. ಅವರ ಮಗಳು ನಸ್ರೀನ್ ಮತ್ತು ನಾನು ಹತ್ತನೇ ತರಗತಿಗೆ ಬಂದ ವರ್ಷ, ಪಾಲಕರ ಸಭೆಯ ಬೋರ್ಡಿನ ಮೇಲೆ ‘ಮಕ್ಕಳಿಗೆ ಓದಲು ಶಾಂತ ವಾತಾವರಣ ಕೊಡಿ’ ಎಂದು ಬರೆದಿದ್ದರಂತೆ. ವಾತಾವರಣ ತಮ್ಮ ಮನೆಯೊಳಗಷ್ಟೇ ಇರುತ್ತದೆ ಎಂದು ಚಾಚಾ ಒಪ್ಪಲಿಲ್ಲ.

ಸಂಜೆ ಆರಕ್ಕೆ ಸುತ್ತಿಗೆ ಕೆಳಗಿಟ್ಟು, ಅಂಗಡಿಯ ಮುಂದೆ ಸ್ಟೂಲು ಹಾಕಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಎಂಟರವರೆಗೆ ಕೂರುತ್ತಿದ್ದರು. ಅಂಗಡಿಯ ಹಿಂದಿನ ಅವರ ಮನೆಯಲ್ಲಿ ನಸ್ರೀನ್ ಮತ್ತು ನಾನು ಓದುತ್ತಿದ್ದೆವು. ಮೊದಲ ದಿನವೇ ಎಲೆಅಡಿಕೆ ಅಗಿಯುತ್ತ ಬಂದ ನನ್ನ ಅಜ್ಜನನ್ನು ತಡೆದರು.

“ಯಜಮಾನ್ರ, ಬಾಯಿ ನಿಲ್ಲಸ್ರಿ. ಹುಡುಗ್ಯಾರು ಓದಾಕತ್ತಾರ.”

“ನಾ ಎಲ್ಲಿ ಮಾತಾಡಾಕತ್ತೀನೋ ಮಾರಾಯ? ಎಲಿ ತಿನ್ನಾಕತ್ತೀನಿ!”

“ನೋಡ್ರಿ, ಮತ್ತ ಮಾತಾಡಿದ್ರಿ.”

ಮೆಲುಕು ಹಾಕುತ್ತಿದ್ದ ಆಡನ್ನು ಗೋಡೆಯ ಕಡೆ ಮುಖ ಮಾಡಿ ಕಟ್ಟಿದರು. ಬೆನ್ನ ಹಿಂದೆ ಆಟೋ ಹಾರನ್ ಹೊಡೆದರೆ ಮಾತ್ರ ಅವರಿಗೆ ತಕರಾರಿರಲಿಲ್ಲ. ಆದರೂ ಆ ಬೆರಳಿಗೆ ಸೋತು ಓಣಿ ನಿಜಕ್ಕೂ ಸುಮ್ಮನಾಯಿತು. ತರಕಾರಿಯವಳು ಮನೆಮನೆಗೆ ಬಂದು ಕಿವಿಯಲ್ಲಿ ‘ಬದ್ನಿಕಾಯಿ’ ಎನ್ನುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಚಾಚಾನ ಅಕ್ಕ. ನಸ್ರೀನಳ ಈ ಫೂಫಿ ಕಮಲಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. “ಪಾಸಾದ್ರ ಕಾಲೇಜು, ಫೇಲಾದ್ರ ನನ್ನ ಅಂಗಡಿ” ಎಂದು ತಮ್ಮನಿಗೆ ಹೇಳಿ, ನಸ್ರೀನಳಿಗೆಂದು ಎರಡನೇ ಮಷೀನನ್ನು ಆಗಲೇ ತಂದು ಬಟ್ಟೆ ಹೊದಿಸಿಟ್ಟಿದ್ದರು. ನಸ್ರೀನಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ, ಗಣಿತ ಓದಬೇಕಿತ್ತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲೇ ಫೇಲಾದಳು.

“ಅಬ್ಬಾನ ಸುತ್ತಿಗಿ ಸಪ್ಪಳಿಲ್ದ ನನ್ನ ತಲಿ ಓಡಂಗಿಲ್ಲ,” ಎಂದು ನನಗೊಬ್ಬಳಿಗೇ ಹೇಳಿದಳು. “ಹುಟ್ಟಿದಾಗಿಂದ ಅದರಾಗ ಓದೀನಿ. ಹ್ಯಾಂಗ ಹೇಳ್ಲಿ? ಪಾಪ, ಬೆರಳಿಟ್ಕೊಂಡು ಕುಂತಾರ.”

ನಾನು ಮೆಲ್ಲಗೆ ಮಾತಾಡುವವಳು. ಚಾಚಾನ ಕಿವಿಯ ಬಳಿ ಬಗ್ಗಿ ಹೇಳಿದೆ, ಕೇಳಿಸಲಿಲ್ಲ. ಕೊನೆಗೆ ಅದೇ ಕಿವಿಯೊಳಗೆ, ಓಣಿಗೆಲ್ಲ ಕೇಳುವಂತೆ ಕಿರುಚಿದೆ: “ಸುತ್ತಿಗಿ ಹೊಡೀರಿ ಚಾಚಾ! ಸಪ್ಪಳಿಲ್ದಕ್ಕ ಆಕಿ ಫೇಲಾಗ್ಯಾಳ!” ಬರೆದು ತೋರಿಸಬಹುದಿತ್ತು ಎಂಬುದು ಆಮೇಲೆ ಹೊಳೆಯಿತು.

ಮರುದಿನದಿಂದ ಆರಕ್ಕೆ ಸರಿಯಾಗಿ ಸುತ್ತಿಗೆ ಶುರುವಾಯಿತು. ಮೊದಲು ಒಳಗೆ ಇಣುಕಿ ನಮ್ಮ ಪುಸ್ತಕ ನೋಡುತ್ತಿದ್ದರು. “ಹಿಸ್ಟ್ರಿ ಏನ್ ಬೇಟಿ? ಹಂಗಾರ ದಪ್ಪ ತಗಡು.” ಗಣಿತಕ್ಕೆ ತೆಳು ತಗಡು, ಚುರುಕು ಏಟು. ಮೌನ ರೂಢಿಯಾಗಿದ್ದ ಓಣಿಯವರು ಜಗಳಕ್ಕೆ ಬಂದಾಗ, ಅಷ್ಟೊಂದು ಬಾಯಿಗಳು ಅಲ್ಲಾಡುವುದನ್ನು ನೋಡಿ ಚಾಚಾ ತುಟಿಯ ಮೇಲೆ ಬೆರಳಿಟ್ಟರು.

ವಾರ್ಷಿಕ ಪರೀಕ್ಷೆಯಲ್ಲಿ ಪೂರ್ತಿ ಮೂರು ಗಂಟೆ ಎಡಗಾಲಿನಿಂದ ನೆಲ ಕುಟ್ಟುತ್ತ ಬರೆದು ನಸ್ರೀನ್ ಪಾಸಾದಳು. ಗಣಿತದಲ್ಲಿ ನನಗಿಂತ ಹೆಚ್ಚು ಅಂಕ.

ಸುದ್ದಿ ಹೇಳಲು ಕಮಲಾಪುರದ ಬಸ್ಸು ಹತ್ತಿದ ಚಾಚಾ, ತಮ್ಮ ಕಿವಿಯಾಗಿ ನನ್ನನ್ನು ಕರೆದೊಯ್ದರು. ಫೂಫಿ ಹೊಸ ಮಷೀನಿನ ಮೇಲೆ ಕೈ ಬಡಿದು ಬಡಿದು ಬೈದರು. “ಇದರ ಮುಂದ ಯಾರು ಕೂಡಬೇಕು? ನೀ ಕೂಡ್ತಿಯೇನೋ ಕಿವುಡಾ? ಕಾಲೇಜಂತ, ಕಾಲೇಜು!”

“ಏನಂತಾಳ ಆಪಾ?” ಎಂದು ಚಾಚಾ ನನ್ನ ಕಡೆ ತಿರುಗಿದರು.

ಬಸ್ ಟಿಕೆಟಿನ ಹಿಂದೆ ಬರೆದು ತೋರಿಸಿದೆ: ‘ಮುಬಾರಕ್ ಅಂತಾರ.’

ಚಾಚಾ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕಣ್ಣು ತುಂಬಿತು. ಎದ್ದು ಅಕ್ಕನ ಎರಡೂ ಕೈ ಹಿಡಿದು “ಶುಕ್ರಿಯಾ ಆಪಾ, ಶುಕ್ರಿಯಾ” ಎಂದರು. ಫೂಫಿಯ ಬಾಯಿ ತೆರೆದೇ ಉಳಿಯಿತು. ಆಮೇಲೆ ಒಳಗೆ ಹೋಗಿ ಚಹಾ ಇಟ್ಟರು. ಹೊರಡುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನೂ ಕೊಟ್ಟರು, ಮುಖ ಮಾತ್ರ ಸಡಿಲಿಸಲಿಲ್ಲ.

ಹೋದ ವರ್ಷ ಚಾಚಾ ತೀರಿಕೊಂಡರು. ನಾನು ವಿಶ್ವವಿದ್ಯಾಲಯದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಂಗಸರ ನಡುವೆ ಜಾಗ ಮಾಡಿಕೊಂಡು ಫೂಫಿ ನನ್ನ ಪಕ್ಕ ಬಂದು ಕೂತರು.

“ಅವತ್ತು ನನ್ನ ತಮ್ಮಗ ಏನ್ ಬರದು ತೋರ್ಸಿದಿ? ಖರೇ ಹೇಳು.”

ಹೇಳಿದೆ.

ಫೂಫಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. “ಸಾಯೂತನಕ ಮಂದಿಗೆಲ್ಲ ಹೇಳ್ಕೋತ ಅಡ್ಡಾಡ್ಯಾನ, ನಮ್ಮ ಆಪಾ ಮುಬಾರಕ್ ಅಂದ್ಳು ಅಂತ. ನಾ ಅಂದಿಲ್ಲಂತ ಹ್ಯಾಂಗ ಹೇಳೂದಿತ್ತು?”

ಆಮೇಲೆ, ಎದುರಿನ ಗೋಡೆಗೆ ಒರಗಿದ್ದ, ಈಗ ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿರುವ ನಸ್ರೀನಳ ಕಡೆ ತಿರುಗಿ, ಸಾವಿನ ಮನೆಯೆಂಬುದನ್ನೂ ಮರೆತು, ಗಟ್ಟಿಯಾಗಿ ಹೇಳಿದರು: “ಮುಬಾರಕ್, ಬೇಟಿ.”

ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ನಮ್ಮ ಕಡೆ ನೋಡಿದರು.