ಹಡಗು ಬರುವ ಶನಿವಾರ

ಹಡಗು ಬರುವ ದಿನವನ್ನು ಯಾರಿಗೂ ಹೇಳಬಾರದೆಂದು ನಮಗೆ ಹೇಳಿದ್ದು ಒಂದು ಸಲವಲ್ಲ, ಹತ್ತು ಸಲ. ಸ್ಯಾನ್ ಡಿಯಾಗೊದಲ್ಲಿ ನೌಕಾಪಡೆಯವರ ಹೆಂಡತಿಯರನ್ನೆಲ್ಲ ಒಂದು ಹಾಲ್‌ನಲ್ಲಿ ಕೂರಿಸಿ, ಕೈಗೊಂದು ಕಾಗದವನ್ನೂ ಕೊಟ್ಟಿದ್ದರು. ಹೆತ್ತವರಿಗೂ ಹೇಳಬೇಡಿ, ಇಮೇಲ್‌ನಲ್ಲಂತೂ ಬರೆಯಲೇಬೇಡಿ. ನನಗಾಗ ಇಪ್ಪತ್ತಮೂರು, ಮೈಸೂರು ಬಿಟ್ಟು ಬಂದು ವರ್ಷ ತುಂಬಿರಲಿಲ್ಲ. ಈ ದೇಶದಲ್ಲಿ ನನಗೆ ಗೊತ್ತಿರುವುದೇ ನಾಲ್ಕು ಜನ, ಯಾರಿಗೆ ಹೋಗಿ ಹೇಳಲಿ ಎಂದು ಒಳಗೇ ನಕ್ಕಿದ್ದೆ.

ಆ ನಾಲ್ವರಲ್ಲಿ ಒಬ್ಬರು ನನ್ನ ಅತ್ತೆ. ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ನಲ್ಲಿ ಒಬ್ಬರೇ ಇದ್ದರು. ನನ್ನ ಗಂಡ, ಅಂದರೆ ಇವರು, ಹೈಸ್ಕೂಲಿನಲ್ಲಿದ್ದಾಗಲೇ ಆ ಮನೆಯವರು ಅಮೆರಿಕಕ್ಕೆ ಬಂದವರು. ಮಾವ ತೀರಿಕೊಂಡ ಮೇಲೆ ಇವರು ಕಾಲೇಜು ಬಿಟ್ಟು ನೌಕಾಪಡೆ ಸೇರಿದರು. ‘ಎಲ್ಲರ ಮಕ್ಕಳೂ ಆಫೀಸಲ್ಲಿ ಕಾಫಿ ಕುಡೀತಾ ಕೂತಿದಾರೆ, ನನ್ನ ಮಗಂಗೆ ಸಮುದ್ರವೇ ಬೇಕಾಯ್ತು’ ಎಂದು ಅತ್ತೆ ಸಿಕ್ಕವರೆದುರೆಲ್ಲ ಗೊಣಗುತ್ತಿದ್ದರು.

ಇರಾಕ್ ಯುದ್ಧ ಶುರುವಾದ ಮರುವರ್ಷ ಇವರ ಹಡಗು ಆ ಕಡೆ ಹೊರಟಿತು. ಅತ್ತೆಗೆ ನಾನು ಹೇಳಿದ್ದೇ ಬೇರೆ. ‘ಯುದ್ಧ ಎಲ್ಲೋ ದೂರ ಅತ್ತೆ, ಇವರದ್ದು ಬರೀ ಮಷೀನ್ ರಿಪೇರಿ ಕೆಲಸ. ಭಯ ಪಡೋಕೆ ಏನೂ ಇಲ್ಲ.’ ಅವರಿಗೆ ಬಿ.ಪಿ. ಇತ್ತು. ಟಿವಿಯಲ್ಲಿ ಗುಂಡಿನ ಸದ್ದು ಕೇಳಿದರೆ ಸಾಕು, ತಟ್ಟೆ ಮುಂದಿನಿಂದ ಎದ್ದುಬಿಡುತ್ತಿದ್ದರು. ನನ್ನ ಸುಳ್ಳಿನಿಂದ ಎರಡು ತುತ್ತು ಹೆಚ್ಚು ಉಣ್ಣುವುದಾದರೆ ಉಣ್ಣಲಿ ಎಂದುಕೊಂಡೆ.

ಆರು ತಿಂಗಳ ಮೇಲೆ ಹಡಗು ಮರಳುವ ದಿನ ನಮಗೆ ತಿಳಿಯಿತು. ಅದೇ ವಾರ ಅತ್ತೆಯ ಫೋನ್.

‘ಅವನು ನೆಲ ಮುಟ್ಟಿದ ದಿನವೇ ಸತ್ಯನಾರಾಯಣ ಪೂಜೆ ಮಾಡಿಸ್ತೀನಿ ಅಂತ ಹರಕೆ ಹೊತ್ತಿದೀನಿ ಕಣೇ. ಇಲ್ಲಿ ಪುರೋಹಿತರು ತಿಂಗಳು ಮುಂಚೆ ಬುಕ್ ಮಾಡ್ದಿದ್ರೆ ಸಿಗಲ್ಲ. ಯಾವತ್ತು ಬರ್ತಾನೆ ಹೇಳು.’

‘ಗೊತ್ತಿಲ್ಲ ಅತ್ತೆ.’

‘ಹೆಂಡ್ತಿಗೇ ಗೊತ್ತಿಲ್ವಾ? ಅವನಿಗೇನಾದ್ರೂ ಆಗಿದ್ಯಾ? ನನ್ನಾಣೆ, ಮುಚ್ಚಿಡ್ಬೇಡ!’

ಅವರ ಉಸಿರು ಏರುವುದು ಫೋನಿನಲ್ಲೇ ಕೇಳುತ್ತಿತ್ತು. ಗುಟ್ಟು ಎಂದರೆ ಯಾಕೆ ಗುಟ್ಟು ಎನ್ನುತ್ತಾರೆ. ಹಡಗಿಗೆ ಅಪಾಯವಾಗಬಾರದು ಅಂತ ಹೇಳಿದರೆ ನನ್ನ ಆರು ತಿಂಗಳ ಸುಳ್ಳು ಅಲ್ಲೇ ಬಯಲಾಗುತ್ತದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ದಿನ ಹೇಳಿಬಿಟ್ಟೆ. ಯಾರಿಗೂ ಹೇಳಬೇಡಿ ಎನ್ನುವ ಮಾತೊಂದನ್ನು ಮಾತ್ರ ಹೇಳಲಿಲ್ಲ.

ಪುರೋಹಿತರು ಸಿಕ್ಕ ಖುಷಿಯಲ್ಲಿ ಅತ್ತೆ ಕನ್ನಡದವರ ಇಮೇಲ್ ಪಟ್ಟಿಗೆ ಆಹ್ವಾನ ಬರೆಸಿ ಹಾಕಿದರು. ಹಡಗಿನ ಹೆಸರು, ಅದು ಬರುವ ಶನಿವಾರ, ಸಂಜೆ ಪೂಜೆ, ಪ್ರಸಾದ, ಎಲ್ಲರೂ ಬನ್ನಿ. ಊರಿಗೆಲ್ಲ ಡಂಗುರ! ಸ್ಯಾನ್ ಡಿಯಾಗೊದಲ್ಲಿದ್ದ ಬೆಂಗಳೂರಿನ ಇಂಜಿನಿಯರೊಬ್ಬರು ಅದನ್ನೋದಿ, ಅದೇ ಹಡಗಿನವನೊಬ್ಬನ ಹೆಂಡತಿ ತಮ್ಮ ಪಕ್ಕದ ಮನೆಯಲ್ಲೇ ಇದ್ದದ್ದರಿಂದ, ಶನಿವಾರಕ್ಕೆ ಶುಭಾಶಯ ಹೇಳಿ ಬಂದರಂತೆ. ಪಾಪ, ಒಳ್ಳೆಯ ಮನುಷ್ಯ. ಆಕೆಯಿಂದ ಎರಡೇ ದಿನದಲ್ಲಿ ಸುದ್ದಿ ಹಡಗಿಗೆ ಮುಟ್ಟಿತು.

ಹಡಗಿನಿಂದ ಫೋನ್ ಬರುವುದೇ ಅಪರೂಪ. ಬಂದಾಗಲೆಲ್ಲ ಇವರು ‘ಊಟ ಆಯ್ತಾ’ ಎಂದೇ ಶುರು ಮಾಡುತ್ತಿದ್ದರು. ಅವತ್ತು ಊಟದ ಮಾತೇ ಇಲ್ಲ.

‘ಆಫೀಸರ್ ಎದುರು ನಿಲ್ಸಿ ಕೇಳಿದ್ರು ಕಣೇ. ನನ್ನ ಪ್ರಮೋಷನ್ ಹೋಯ್ತು ಅಂತಲೇ ಇಟ್ಕೋ. ಅಮ್ಮಂಗೆ ಡೇಟ್ ಹೇಳಿದ್ದು ಹೋಗ್ಲಿ, ಗುಟ್ಟಾಗಿಡಿ ಅಂತ ನೀನು ಹೇಳಿದ್ದೆ ತಾನೇ?’

‘ಹೇಳಿದ್ದೆ’ ಎಂದೆ. ‘ಅತ್ತೆ ಕೇಳಲಿಲ್ಲ.’

ಎಷ್ಟು ಸಲೀಸಾಗಿ ಬಂತು ಆ ಮಾತು, ಥೂ! ಇವರು ಫೋನ್ ಇಟ್ಟರು.

ಹಡಗು ಬರುವುದು ಮೂರು ದಿನ ಮುಂದಕ್ಕೆ ಹೋಯಿತು. ಯಾಕೆಂದು ಯಾರೂ ಹೇಳಲಿಲ್ಲ. ಆದರೆ ಶನಿವಾರಕ್ಕೆಂದು ಎಲ್ಲ ಸಿದ್ಧ ಮಾಡಿಕೊಂಡಿದ್ದ, ಹಡಗಿನ ಇತರರ ಹೆಂಡತಿಯರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಪುರೋಹಿತರಿಗೆ ಬೇರೆ ದಿನ ಬಿಡುವಿರಲಿಲ್ಲ. ಮಗನಿಲ್ಲದೆಯೇ ಅತ್ತೆ ಆ ಶನಿವಾರ ಪೂಜೆ ಮುಗಿಸಿದರು.

ಇವರು ಬಂದ ಮಾರನೆಯ ದಿನ ಗ್ಲೆಂಡೇಲ್‌ಗೆ ಡ್ರೈವ್ ಮಾಡಿಕೊಂಡು ಹೋದೆವು. ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಇವರು ಆರತಿ ಮುಗಿಯುವವರೆಗೂ ಕಾಯಲಿಲ್ಲ.

‘ಒಂದು ಮಾತು ಬಾಯಲ್ಲಿ ಇಟ್ಕೊಳ್ಳೋಕೆ ಆಗಲ್ವಾ ನಿಂಗೆ? ಇವಳು ಗುಟ್ಟು ಅಂತ ಹೇಳಿದ್ಲಲ್ಲಮ್ಮ!’

ಅತ್ತೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

‘ಹೌದಪ್ಪ, ಹೇಳಿದ್ಲು’ ಎಂದರು. ‘ನಂಗೇ ಮರೆತೋಯ್ತು.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಅತ್ತೆ ತಾವಾಗಿಯೇ ಬೆನ್ನು ಕೊಟ್ಟಿದ್ದರು. ಅಡುಗೆಮನೆಗೆ ಅವರ ಹಿಂದೆಯೇ ಓಡಿದೆ.

‘ಯಾಕೆ ಹಾಗಂದ್ರಿ ಅತ್ತೆ?’

‘ತಾಯಿ ಮೇಲಿನ ಕೋಪ ಎಷ್ಟು ದಿನ ಇರತ್ತೆ? ಹೆಂಡ್ತಿ ಮೇಲೆ ಅನುಮಾನ ಬಂದ್ರೆ ಸಂಸಾರ ಕೆಡತ್ತೆ. ಹೋಗು, ತಟ್ಟೆ ಹಾಕು.’

ನನಗೆ ಅಳು ಬಂತು. ತಟ್ಟೆ ಹಾಕಿದೆ.

ಅತ್ತೆ ಎಣಿಸಿದ್ದು ತಪ್ಪಾಯಿತು. ಕೋಪವೇನೋ ಹೋಯಿತು, ನಂಬಿಕೆ ವಾಪಸು ಬರಲಿಲ್ಲ. ಎರಡು ವರ್ಷದ ಮೇಲೆ ಹಡಗು ಮತ್ತೆ ಹೊರಟಾಗ ಇವರು, ‘ಬರೋ ದಿನ ನಿಂಗೆ ಮಾತ್ರ ಗೊತ್ತಿರ್ಲಿ. ಅಮ್ಮಂಗೆ ಬೇಡವೇ ಬೇಡ’ ಎಂದರು. ಸರಿ ಎಂದೆ. ಆ ಸಲ ಅತ್ತೆ ಪ್ರತಿ ಭಾನುವಾರವೂ ಫೋನ್ ಮಾಡಿದರು. ‘ಚೆನ್ನಾಗಿದಾನಂತಾ?’ ಎಂದಷ್ಟೇ ಕೇಳುತ್ತಿದ್ದರು. ಯಾವತ್ತು ಬರುತ್ತಾನೆ ಎಂದು ಒಂದು ಸಲವೂ ಕೇಳಲಿಲ್ಲ. ಇವರಿಗೆ ನಿಜ ಬರೆಯಲು ನನಗೆ ಧೈರ್ಯ ಸಾಲಲಿಲ್ಲ.

ಇವರು ಬಂದು, ಸ್ನಾನ ಮಾಡಿ, ಊಟ ಮುಗಿಸಿದ ಮೇಲೆ ಅತ್ತೆಗೆ ಫೋನ್ ಮಾಡಿ ಹೇಳಿದೆ.

‘ಬಂದ್ನಾ?’ ಎಂದವರೇ ಮಾತು ಹೊರಡದೆ ಬಿಕ್ಕತೊಡಗಿದರು.

ಇವರು ಪಕ್ಕದಲ್ಲೇ ಕೂತಿದ್ದರು. ‘ನೋಡಿದ್ಯಾ, ಮೊದಲೇ ಹೇಳಿದ್ದಿದ್ರೆ ಇಷ್ಟೊತ್ತಿಗೆ ಊರಿಗೆಲ್ಲ ಸಾರಿರ್ತಿದ್ರು’ ಎಂದು ನಕ್ಕರು.

ನಾನೂ ನಕ್ಕೆ.